ಕೊಟ್ಟಿಗೆಹಾರದಿಂದ ಉಜಿರೆಯವರೆಗೆ

ಫೆ. 6, ಶುಕ್ರವಾರ, ಅಜ್ಜಂಪುರ

ಒಂಬತ್ತನೇ ಕ್ಲಾಸು. ಮಾರ್ಕೊ ಪೋಲೊ ಪಾಠ. ವೆನಿಸ್‌ನಿಂದ ಚೀನಾಕ್ಕೆ... ಮರುಭೂಮಿ, ಹಿಮದ ಬೆಟ್ಟ, ವರ್ಷಗಟ್ಟಲೆ ದಾರಿ. ಗಗನಾ ಎದ್ದು ನಿಂತಳು. "ಸರ್, ಅವ್ನು ಹೋಗೇ ಇಲ್ಲ, ಯಾರೋ ಹೇಳಿದ್ದು ಕೇಳ್ಕೊಂಡು ಬರೆಸ್ದ ಅಂತಾರಲ್ಲ?" ನಾನೋ, ದೊಡ್ಡ ಪಂಡಿತ. "ಹೋಗ್ದೇ ಹೋದೆ ಅನ್ನೋಕೆ ಎಂಥ ಭಂಡತನ ಬೇಕಮ್ಮ!" ಅಂದೆ. ಕ್ಲಾಸೆಲ್ಲ ನಕ್ಕಿತು.

ಸಂಜೆ ತರೀಕೆರೆಯಿಂದ ಚಿಕ್ಕಮ್ಮನ ಫೋನ್. ಸೊಸೆ ಭವ್ಯಳಿಗೆ ಮೂರು ತಿಂಗಳು. ಹಿಂದೆ ಎರಡು ಸಲ ನಿಂತಿಲ್ಲ. ಈ ಸಲ ಚಿಕ್ಕಮ್ಮ ಧರ್ಮಸ್ಥಳಕ್ಕೆ ನಡೆದು ಬರುವ ಹರಕೆ ಹೊತ್ತಿದ್ದಾಳೆ. ಮಗ ತಿಪ್ಪೇಶನ ಕಾಲಲ್ಲಿ ರಾಡ್, ಚಿಕ್ಕಮ್ಮನಿಗೆ ಮಂಡಿನೋವು. "ಶಿವರಾತ್ರಿಗೆ ನಮ್ಮನೆ ಪರವಾಗಿ ನೀನೇ ನಡ್ಕೊಂಡ್ ಹೋಗ್ಬಾ ಕಣೋ ಹೊನ್ನೇಶ. ಗಾಡಿ ಮಾತ್ರ ಹತ್ಬೇಡ." ಹೂಂ ಅಂದೆ.

ಫೆ. 11, ಚಿಕ್ಕಮಗಳೂರು

ಅಂಗಾಲೆಲ್ಲ ಬೊಬ್ಬೆ. ಜೊತೆಗಿರುವ ನಮ್ಮೂರ ರೇವಣಪ್ಪ ಹಾಡಿಕೊಂಡು ನಡೆಯುತ್ತಾನೆ. ಕೇಳಿದರೆ ಮೈ ಉರಿಯುತ್ತದೆ.

ಫೆ. 14, ಉಜಿರೆ

ಮಾಡಬಾರದ್ದು ಮಾಡಿದೆ. ನಿನ್ನೆ ಕೊಟ್ಟಿಗೆಹಾರದಲ್ಲಿ "ನೀವು ನಡೀತಿರಿ, ಬತ್ತೀನಿ" ಅಂತ ಹಿಂದುಳಿದೆ. ಬಸ್ಸು ಬಂತು. ಹತ್ತಿದೆ. ಚಾರ್ಮಾಡಿ ಘಾಟಿ ಪೂರ್ತಿ ತೂಕಡಿಸಿದೆ! ಇವತ್ತು ಇಲ್ಲಿ ಅಂಗಡಿ ಕಟ್ಟೆ ಮೇಲೆ ಕೂತು ಕಾದೆ. ರೇವಣಪ್ಪ ಬಂದವನೇ, "ಅಬ್ಬಬ್ಬಾ, ಮೇಷ್ಟ್ರು ನಮ್ಮನ್ನೇ ಹಿಂದಾಕ್ಬಿಟ್ರಲ್ಲಪ್ಪಾ! ರಾತ್ರಿಯೆಲ್ಲ ನಡುದ್ರಾ?" ಹೌದೆಂದು ತಲೆ ಆಡಿಸಿದೆ.

ಫೆ. 17

ವಾಪಸಾದದ್ದೇ ಚಿಕ್ಕಮ್ಮ ತರೀಕೆರೆಗೆ ಕರೆಸಿಕೊಂಡಳು. ಬಾಗಿಲಲ್ಲೇ ಕೂರಿಸಿ ಕಾಲು ತೊಳೆದಳು. ಬೇಡ ಬೇಡ ಅಂದರೂ ಬಿಡಲಿಲ್ಲ. ಬೊಬ್ಬೆ ನೋಡಿ ಅತ್ತಳು. ಆ ನೀರನ್ನೇ ಭವ್ಯಳ ತಲೆಗೆ, ಹೊಟ್ಟೆಗೆ ಚಿಮುಕಿಸಿದಳು. ಭವ್ಯ ಬಗ್ಗಿ ನನ್ನ ಕಾಲು ಮುಟ್ಟಿದಳು. ಥೂ, ನನ್ನ ಜನ್ಮಕ್ಕಿಷ್ಟು!

ಫೆ. 19

ಗಗನಾ ಕೇಳಿದಳು, "ಘಾಟಿ ಹೆಂಗಿತ್ತು ಸರ್?" ರೇವಣಪ್ಪ ಹೇಳಿದ್ದನ್ನೇ ಹೇಳಿದೆ. ಬೆಳಗಿನ ಮಂಜು, ಕೋತಿಗಳು, ತಿರುವುಗಳು... ಮಕ್ಕಳೆಲ್ಲ ಚಪ್ಪಾಳೆ. ಗಗನಾಳದು ಎಲ್ಲರಿಗಿಂತ ಜೋರು. ಬೋರ್ಡಿನ ಕಡೆ ತಿರುಗಿ ನಿಂತೆ.

ಮಾ. 3

ಭವ್ಯಳಿಗೆ ರಕ್ತಸ್ರಾವ. ಆಸ್ಪತ್ರೆಗೆ ಸೇರಿಸಿದ್ದಾರೆ. ಮಗು ಇದೆ, ಆದರೆ ಅಲುಗಾಡಬಾರದಂತೆ. ಫೋನಿನಲ್ಲಿ ಚಿಕ್ಕಮ್ಮ: "ನೀನಂತೂ ಪೂರ್ತಿ ನಡ್ದೆ ಕಣಪ್ಪ. ಇವ್ಳೇ ಎಲ್ಲೋ ಮೈಲಿಗೆ ಮಾಡ್ಕೊಂಡವ್ಳೆ. ಬಾಯ್ಬಿಟ್ಟು ಹೇಳು ಅಂದ್ರೆ ಬರೀ ಅಳ್ತಾಳೆ." ಹಿಂದಿನಿಂದ ಭವ್ಯಳ ದನಿ, "ಇಲ್ಲ ಅತ್ತೆ, ನಾನೇನೂ ಮಾಡಿಲ್ಲ ಅತ್ತೆ." ಕ್ಲಾಸಿಗೆ ಹೊತ್ತಾಯ್ತು ಅಂತ ಫೋನ್ ಇಟ್ಟೆ. ನಾಚಿಕೆಗೇಡಿ.

ಮಾ. 4, ಬೆಳಿಗ್ಗೆ, ತರೀಕೆರೆ ಬಸ್ಸಿನಲ್ಲಿ

ಭವ್ಯಳ ಎದುರಿಗೇ ಹೇಳಬೇಕು. ಬಸ್ಸು ಕುಲುಕಿ ಅಕ್ಷರ ಸೊಟ್ಟಗಾಗುತ್ತಿದೆ. ಬಾಯಿಪಾಠ ಮಾಡಿಕೊಳ್ಳುತ್ತಿದ್ದೇನೆ — ಚಿಕ್ಕಮ್ಮ, ಅವಳದೇನೂ ತಪ್ಪಿಲ್ಲ. ಕೊಟ್ಟಿಗೆಹಾರದಲ್ಲಿ ನಾನು... ತರೀಕೆರೆ ಬಂತು, ಇಳಿಯಬೇಕು.