ನೆಲಮಾಳಿಗೆಯ ಗಾಳಿ

ಯಾಖಿಮೊವ್, ಅಕ್ಟೋಬರ್ 19, ಸೋಮವಾರ

ನೆಲಮಾಳಿಗೆಯಲ್ಲಿ ಮತ್ತೆ ಕೂರಲು ಆಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ಬೆಳಗಾಯಿತು. ನನ್ನ ಗಂಡ ವೆಂಡೆಲಿನ್ ತೀರಿಕೊಂಡ ಮೇಲೆ ಅಲ್ಲಿ ಅವರು ಕೆತ್ತಿದ ಮರದ ಗೊಂಬೆಗಳ ಜೊತೆ ಕೂತರೇ ನನಗೆ ಸಮಾಧಾನ. ಆದರೆ ಅಲ್ಲಿ ನೆಲದಿಂದ ಏಳುವ, ಶ್ವಾಸಕೋಶ ಕೆಡಿಸುವ ರೇಡಾನ್ ಅನಿಲ ವಿಪರೀತ ತುಂಬಿದೆಯಂತೆ.

ಇವತ್ತು ಅದನ್ನು ಹೊರಹಾಕಲು ಕೆಲಸಗಾರ ಹಿನೆಕ್ ಬಂದು ನೆಲ ಕೊರೆದು, ಮಾಡಿನವರೆಗೆ ಕೊಳವೆ ಏರಿಸಿ ಫ್ಯಾನ್ ಕೂರಿಸಿದ. ಪಕ್ಕದ ಮನೆಯ ಬ್ಲಾಜೆನಾ ನಕ್ಕಳು: "ಅಲ್ವೇ ಓತಿಲಿಯೆ, ಕೀಲುನೋವಿನೋರು ಊರ ಕೆಳಗಿರೋ ಚಿಕಿತ್ಸೆಯ ಸ್ನಾನದ ಮನೇಲಿ ಇದೇ ಅನಿಲ ಇರೋ ನೀರಲ್ಲಿ ಕೂರೋಕೆ ದುಡ್ಡು ಸುರೀತಾರೆ. ನೀನು ದುಡ್ಡು ಕೊಟ್ಟು ಓಡಿಸ್ತಿದ್ದೀಯಲ್ಲ!"

"ಇಲ್ಲಿ ಕೈ ಇಡಿ ಅಮ್ಮಾ," ಎಂದ ಹಿನೆಕ್. ಕೊಳವೆ ಸಣ್ಣಗೆ ನಡುಗುತ್ತಿತ್ತು. "ಬೆಟ್ಟದ ಕಲ್ಲಿಂದ ಬರೋದು. ಊರು ಹುಟ್ಟೋಕೆ ಮುಂಚಿಂದಾನೂ ಬರ್ತಾನೇ ಇದೆ."

ಬಣ್ಣವಿಲ್ಲ, ವಾಸನೆಯಿಲ್ಲ. ಇಷ್ಟು ವರ್ಷ ಅದರ ಮೇಲೆಯೇ ಅಡುಗೆ ಮಾಡಿದೆವು, ಮಲಗಿದೆವು. ಕೈ ತೆಗೆಯಲು ಮನಸ್ಸಾಗಲಿಲ್ಲ. ಚರ್ಚಿನಲ್ಲೂ ನಾನು ಅಷ್ಟು ಸುಮ್ಮನೆ ನಿಂತಿದ್ದಿಲ್ಲ.

"ಇನ್ನು ಕೂರಬಹುದೇನಪ್ಪಾ?"

"ಮತ್ತೆ ಅಳೆದು ಹೇಳ್ತೀನಿ. ಆದ್ರೆ ಗಾಳಿ ಆಡೋಕೆ ಕಿಟಕಿಗೆ ತುಂಬಿರೋ ಪಾಚಿ ತೆಗೀಲೇಬೇಕು."

ಗೊಂಬೆಯ ಮರ ಚಳಿಗೆ ಸೀಳು ಬಿಡದಿರಲೆಂದು ವೆಂಡೆಲಿನ್ ಎರಡು ಗಾಜುಗಳ ನಡುವೆ ಒತ್ತಿ ತುಂಬಿದ ಪಾಚಿ. ನಾಳೆ ತೆಗೆಯುತ್ತೇನೆ. ಅವರ ಹೆಬ್ಬೆರಳು ಒತ್ತಿದ ಗುಳಿ ಅದರಲ್ಲಿ ಇನ್ನೂ ಹಾಗೆಯೇ ಇದೆ.