ಕರಪತ್ರದಲ್ಲಿ ಬಿಟ್ಟುಹೋದ ಹೊಗೆಸೊಪ್ಪು

ಆರೋಗ್ಯ ಪ್ರಚಾರದ ಕರಪತ್ರಗಳಿಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನಿಮ್ಮ ‘ಅಡುಗೆಮನೆಯಲ್ಲೇ ಕ್ಯಾನ್ಸರ್ ತಡೆ’ ಕರಪತ್ರದ ಎರಡನೆಯ ಕಟ್ಟು ಸೋಮವಾರ ನನ್ನ ಪೇಪರ್ ಅಂಗಡಿಗೆ ಬಂದಿದೆ. ಪೇಪರಿನೊಳಗೆ ಇಟ್ಟು ಹಂಚಬೇಕಂತೆ. ನಾನು ಹಂಚುವುದಿಲ್ಲ. ಕಳೆದ ವರ್ಷ, ೧೯೮೫ರ ಜೂನ್‌ನಲ್ಲಿ, ಮೊದಲ ಕಟ್ಟನ್ನು ಒಂದೂ ಉಳಿಸದೆ ಕಾಪುವಿನ ಮನೆಮನೆಗೆ ಮುಟ್ಟಿಸಿದವನು ನಾನೇ. ಅದರ ಫಲವನ್ನು ಹೇಳಲು ಕಚೇರಿಗೆ ಬಂದಾಗ ಪೂರ್ತಿ ಕೇಳಲು ನಿಮಗೆ ಪುರುಸೊತ್ತಿರಲಿಲ್ಲ. ಆದ್ದರಿಂದ ಊರಿನ ಎದುರು ಹೇಳುತ್ತೇನೆ.

ನಫೀಸಮ್ಮ ಬೀಡಿ ಕಟ್ಟುವವರು. ಕಟ್ಟಿದ ಬೀಡಿ ಒಪ್ಪಿಸಲು ಬೀಡಿ ಬ್ರಾಂಚಿಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿಯ ಬೆಂಚಿನಲ್ಲಿ ಕುಳಿತು ಪೇಪರ್ ಓದಿಸಿಕೊಳ್ಳುವುದು ಅವರ ಇಪ್ಪತ್ತು ವರ್ಷಗಳ ರೂಢಿ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಬಾಯಿಂದ ಇಳಿದದ್ದಿಲ್ಲ. ಆಗ ಎಡಗೆನ್ನೆಯ ಒಳಗೆ ಮೆಂತೆಕಾಳಿನಷ್ಟು ಹುಣ್ಣು ಇತ್ತು. ಮಗಳು ಜುಬೈದಾ ಹೇಗೋ ಒಪ್ಪಿಸಿ, ಮಣಿಪಾಲದ ಆಸ್ಪತ್ರೆಗೆ ಹೋಗಲು ಅಂಗಡಿಯೆದುರು ಬಸ್ಸಿಗೆ ಕಾಯುತ್ತಿದ್ದಳು. ಅದೇ ಬೆಳಿಗ್ಗೆ ನಿಮ್ಮ ಕರಪತ್ರ ಬಂದಿತ್ತು.

“ಪೇಪರಣ್ಣ, ಆ ಹಳದಿ ಕಾಗದದಲ್ಲಿ ಎಂತ ಉಂಟು?” ಎಂದು ನಫೀಸಮ್ಮ ಕೇಳಿದರು. ಓದಿ ಹೇಳಿದೆ: ಬಾವು, ಉರಿಯೂತ ಇಳಿಸುವ ಸತ್ವಗಳು ನಾವು ತಿನ್ನುವ ಗಿಡಗಳಲ್ಲೇ ಇವೆ. ಅವು ಕ್ಯಾನ್ಸರನ್ನು ತಡೆಯಬಲ್ಲವೆಂದು ಸಂಶೋಧನೆಗಳು ತೋರಿಸುತ್ತಿವೆ. ಒಂದು ಅರಿಸಿನ, ಎರಡು ಶುಂಠಿ, ಮೂರು ವೀಳ್ಯದೆಲೆ.

“ಕೇಳಿದೆಯಾ ಜುಬೈದಾ? ಇನ್ನು ನನ್ನ ಎಲೆ ಡಬ್ಬಿ ಅಡಗಿಸಬೇಡ. ಸರಕಾರವೇ ತಿನ್ನಲು ಹೇಳಿದೆ.”

“ಸರಕಾರ ಹೊಗೆಸೊಪ್ಪು ತಿನ್ನಲು ಹೇಳಿದೆಯಾ ಉಮ್ಮಾ?”

“ಬೇಡ ಅಂತಲೂ ಹೇಳಲಿಲ್ಲವಲ್ಲ ಮಾರಾಯ್ತಿ! ಅಲ್ವಾ ಪೇಪರಣ್ಣ?”

ನಾನು ಎರಡೂ ಬದಿ ತಿರುಗಿಸಿ ನೋಡಿದೆ. ಅಕ್ಷರಕ್ಕೆ ನಿಷ್ಠನಾದವನು ನೋಡಿ, “ಇಲ್ಲ, ಹೇಳಿಲ್ಲ” ಎಂದೆ. ಬಸ್ಸು ಬಂತು, ಹೋಯಿತು. ನಫೀಸಮ್ಮ ನಗುತ್ತಾ ಬೀಡಿ ಬ್ರಾಂಚಿಗೆ ನಡೆದರು.

ಮರುದಿನದಿಂದ ಹಸಿ ಅರಿಸಿನದ ಚೂರನ್ನು ಹೊಗೆಸೊಪ್ಪಿನ ಜೊತೆ ಎಲೆಯಲ್ಲಿ ಮಡಚಿ, ಹುಣ್ಣಿನ ಮೇಲೆಯೇ ಒತ್ತಿಟ್ಟುಕೊಳ್ಳತೊಡಗಿದರು. ಉರಿ ಕಡಿಮೆಯಾಯಿತೆಂದು ಬೀಡಿ ಕಟ್ಟುವ ಬೇರೆ ಹೆಂಗಸರಿಗೂ ಹೇಳಿಕೊಟ್ಟರು. ಏಳು ತಿಂಗಳ ನಂತರ ಬಾಯಿಗೆ ಚಮಚ ಹೋಗದಾದಾಗ ಮಣಿಪಾಲಕ್ಕೆ ಕರೆದೊಯ್ದೆವು. ನಾನು ನಿಮ್ಮ ಕರಪತ್ರ ತೋರಿಸಿದೆ. ಡಾಕ್ಟರು ನಿಧಾನವಾಗಿ ಓದಿ ಹೇಳಿದರು: “ಅರಿಸಿನದ ಬಗ್ಗೆ, ಎಲೆಯ ಬಗ್ಗೆ ಸಂಶೋಧನೆ ನಡೆಯುತ್ತಿರುವುದು ನಿಜ. ಆದರೆ ಅದು ಇಲಿಗಳ ಮೇಲೆ. ಇಲಿಗಳು ಹೊಗೆಸೊಪ್ಪು ಜಗಿಯುವುದಿಲ್ಲ. ಇದು ಕಾಳಿನಷ್ಟಿದ್ದಾಗ ಬಂದಿದ್ದರೆ ಅಷ್ಟನ್ನೇ ತೆಗೆದು ಮನೆಗೆ ಕಳುಹಿಸುತ್ತಿದ್ದೆವು.” ಎಡ ದವಡೆಯನ್ನೇ ತೆಗೆದರು. ಈಗ ನಫೀಸಮ್ಮನ ಮಾತು ಜುಬೈದಾಳೊಬ್ಬಳಿಗೇ ಅರ್ಥವಾಗುತ್ತದೆ.

ನಿಮ್ಮಲ್ಲಿಗೆ ಬಂದಾಗ ನೀವು ಕೇಳಿದಿರಿ: “ಇದರಲ್ಲಿ ಒಂದಾದರೂ ಸುಳ್ಳು ವಾಕ್ಯ ತೋರಿಸಿ.” ಇಲ್ಲ ಮಾನ್ಯರೇ. ಇದ್ದಿದ್ದರೆ ಹಿಡಿಯುತ್ತಿದ್ದೆನೇನೋ. ಬರೆಯದೆ ಬಿಟ್ಟದ್ದನ್ನು ಓದುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಹೊಗೆಸೊಪ್ಪಿನ ಸಾಲು ಕರಡಿನಲ್ಲಿತ್ತು, ಜಾಗ ಸಾಲದೆ ತೆಗೆದೆವು ಎಂದೂ ಹೇಳಿದಿರಿ. ಪುಟದ ಮೂರನೆಯ ಒಂದು ಭಾಗದಲ್ಲಿ ನಿಮ್ಮ ಶುಭಸಂದೇಶ ಮತ್ತು ಭಾವಚಿತ್ರಕ್ಕೆ ಜಾಗ ಧಾರಾಳವಾಗಿ ಸಿಕ್ಕಿದೆಯಲ್ಲ? ಮನೆಮನೆಯಲ್ಲಿ ಬೀಡಿ ಕಟ್ಟುವ ಈ ಸೀಮೆಯಲ್ಲಿ ಬಿಡಲು ನಿಮಗೆ ಸಿಕ್ಕಿದ್ದು ಅದೊಂದೇ ಸಾಲೇ?

ಸೋಮವಾರ ನಫೀಸಮ್ಮ ಬೆಂಚಿನಲ್ಲಿದ್ದರು. ಹೊಸ ಕಟ್ಟನ್ನು ಕಂಡು ಏನೋ ಕೇಳಿದರು. ಜುಬೈದಾ ತಿಳಿಸಿದಳು: “ಈ ಸಲವಾದರೂ ಹೊಗೆಸೊಪ್ಪಿನ ಮಾತು ಉಂಟಾ, ಕೇಳ್ತಾರೆ.” ಎರಡೂ ಬದಿ ತಿರುಗಿಸಿ ನೋಡಿದೆ. ಹೋದ ವರ್ಷದ ಉತ್ತರವನ್ನೇ ಮತ್ತೆ ಅವರಿಗೆ ಹೇಳಬೇಕಾಯಿತು.

ಭಾವಚಿತ್ರ ತೆಗೆಯಿರಿ. ಆ ಜಾಗದಲ್ಲಿ ಎರಡು ಸಾಲು ಅಚ್ಚು ಹಾಕಿಸಿ: ಹೊಗೆಸೊಪ್ಪು ಜಗಿಯಬೇಡಿ, ಬಾಯಿಯ ಹುಣ್ಣು ಹದಿನೈದು ದಿನದಲ್ಲಿ ಮಾಯದಿದ್ದರೆ ಅರಿಸಿನವನ್ನು ನಂಬಿ ಕಾಯದೆ ಡಾಕ್ಟರಿಗೆ ತೋರಿಸಿ. ಕಾಪುವಿನಿಂದ ಕಾರ್ಕಳದವರೆಗಿನ ಪ್ರತಿಯೊಂದು ಬೀಡಿ ಬ್ರಾಂಚಿನಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ. ಕಾಪುವಿನಲ್ಲಿ ನೀವೇ ಬಂದು ಓದಿ. ನಫೀಸಮ್ಮ ಎದುರು ಕುಳಿತಿರುತ್ತಾರೆ. ಅವರು ಏನಾದರೂ ಕೇಳಿದರೆ ಉತ್ತರ ನೀವೇ ಕೊಡಿ.

ಇಂತಿ,
ಅಚ್ಚಾದದ್ದನ್ನೆಲ್ಲ ನಂಬಿ, ನಂಬಿದ್ದನ್ನು ಓದಿ ಹೇಳಿದ
ಸರ್ವೋತ್ತಮ, ಪೇಪರ್ ಏಜೆಂಟ, ಕಾಪು