ಅಮ್ಮ ಕಲಿತ ಮನೆಗಳು

ವಸತಿ ಹಂಚಿಕೆಯ ಮೇಲಧಿಕಾರಿಗಳೇ,

ಮನೆಯಿಲ್ಲದವರಿಗೆ ಮನೆ ಕೊಡುವುದು ತಮ್ಮ ಕಚೇರಿಯ ಕೆಲಸವೆಂದು ನಂಬಿ ಅರ್ಜಿ ಹಾಕಿದ್ದೆ. ‘ಅರ್ಜಿದಾರರು ಒಂದೇ ವಿಳಾಸದಲ್ಲಿ ಸತತ ಐದು ವರ್ಷ ವಾಸವಿಲ್ಲ’ ಎಂದು ಬರೆದು ವಾಪಸ್ ಕಳಿಸಿದ್ದೀರಿ. ಸ್ವಾಮಿ, ಐದು ವರ್ಷ ಒಂದೇ ಸೂರಿನಡಿ ಇರಲು ಯಾರಾದರೂ ಬಿಟ್ಟಿದ್ದರೆ ನಿಮ್ಮ ಕಚೇರಿಯ ಮೆಟ್ಟಿಲು ಯಾಕೆ ಹತ್ತುತ್ತಿದ್ದೆ?

ನಾನು ಬಡಗಿ. ಈ ಊರಿನ ಎಷ್ಟೋ ಹೊಸ ಮನೆಗಳಿಗೆ ಬಾಗಿಲು ಕೂರಿಸಿದ್ದೇನೆ. ಅಪ್ಪನೂ ಇದೇ ಕಸುಬಿನವರು. ಅವರಿಗೂ ಸ್ವಂತ ಮನೆ ಇರಲಿಲ್ಲ, ಆದರೆ ಒಂದೇ ಬಾಡಿಗೆ ಮನೆಯಲ್ಲಿ ಇಪ್ಪತ್ತಾರು ವರ್ಷ ಬಾಳಿ ಅಲ್ಲೇ ಕಣ್ಣು ಮುಚ್ಚಿದರು. ಕರಾರು ಪತ್ರವೆಂಬುದನ್ನು ಅವರು ನೋಡಿಯೇ ಇರಲಿಲ್ಲ. ಮಾಲೀಕರ ಬಾಯಿಮಾತೇ ಸಾಕಾಗಿತ್ತು. ಆ ಮಾಲೀಕರೂ ತೀರಿಕೊಂಡ ಮೇಲೆ ಅವರ ಮಕ್ಕಳು ಮನೆ ಕೆಡವಿ ಬಹುಮಹಡಿ ಎಬ್ಬಿಸಿದರು. ಅಲ್ಲಿಂದಾಚೆ ನಮ್ಮದು ಹನ್ನೊಂದು ತಿಂಗಳ ಸಂಸಾರ. ಮಗಳು ಬರುತ್ತಾಳೆ, ರಿಪೇರಿ ಮಾಡಿಸಬೇಕು, ಮಾರುತ್ತಿದ್ದೇವೆ... ಖಾಲಿ ಮಾಡಿಸಲು ಕಾರಣಗಳಿಗೇನು ಬರವೇ? ಹೀಗೆ ಈಗಿನದೂ ಸೇರಿ ಏಳು ಮನೆ ಕಂಡೆವು.

ಗಂಟುಮೂಟೆ ಕಟ್ಟುವುದು ನನಗೆ ರೂಢಿಯಾಗಿದೆ. ಕಷ್ಟ ಅಮ್ಮನದು. ಅವಳಿಗೆ ಕಣ್ಣು ಕಾಣುವುದಿಲ್ಲ. ಪ್ರತಿ ಮನೆಯನ್ನೂ ಗೋಡೆ ಸವರುತ್ತ, ಹೆಜ್ಜೆ ಎಣಿಸುತ್ತ ಕಲಿಯುತ್ತಾಳೆ. ಪೂರ್ತಿ ಕಲಿಯಲು ಎಂಟು ತಿಂಗಳು ಹಿಡಿಯುತ್ತದೆ. ಆಮೇಲೆ ಮೂರು ತಿಂಗಳು ಅವಳೇ ಯಜಮಾನಿ. ಟೀ ತಾನೇ ಕಾಸುತ್ತಾಳೆ, ಅಡ್ಡ ಬಂದರೆ ನನ್ನನ್ನು ಗದರುತ್ತಾಳೆ. ಅಷ್ಟರಲ್ಲಿ ಮಾಲೀಕರ ಫೋನು ಬರುತ್ತದೆ.

ಈಗಿನ ಮನೆ ಮೊದಲ ಮಹಡಿಯಲ್ಲಿದೆ. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ, ಗಾಳಿ ಬರಲೆಂದು ಬಾಗಿಲು ತೆರೆದಿಟ್ಟು ಕೆಲಸಕ್ಕೆ ಹೋದೆ. ಆ ತಪ್ಪು ನನ್ನದು, ನಿಮ್ಮ ತಲೆಗೆ ಕಟ್ಟುವುದಿಲ್ಲ. ಅಮ್ಮ ಬಚ್ಚಲಿಗೆಂದು ಎದ್ದು, ಎಡಕ್ಕೆ ತಿರುಗಿ ಒಂಬತ್ತು ಹೆಜ್ಜೆ ಎಣಿಸಿದಳು. ಎಣಿಕೆ ತಪ್ಪಲಿಲ್ಲ, ಆದರೆ ಅದು ಹಿಂದಿನ ಮನೆಯ ಎಣಿಕೆ. ಇಲ್ಲಿ ಒಂಬತ್ತನೆಯ ಹೆಜ್ಜೆಗೆ ಇದ್ದದ್ದು ಹೊರಗಿನ ಮೆಟ್ಟಿಲು. ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

ಆಪರೇಷನ್ ಆಯಿತು. ದಿನವೂ ನಡೆಸಿ ಎಂದರು ಡಾಕ್ಟರು. ಅಮ್ಮ ಮಾತ್ರ ಏಳಲೊಲ್ಲಳು. ಕೈ ಹಿಡಿದು ಎಬ್ಬಿಸಹೋದಾಗ ಸಿಟ್ಟಿಲ್ಲದೆಯೇ ಹೇಳಿದಳು:

“ಬೇಡ ಬಿಡೋ ಮಗಾ. ಈ ಮನೆ ಕಲಿಯೋದ್ರೊಳಗೆ ಮತ್ತೆ ಎಬ್ಬಿಸ್ತಾರೆ. ಈ ಮಂಚ ಒಂದು ಗೊತ್ತಿದೆ, ಸಾಕು.”

ಅವಳಿಗೆ ಕಾಣುವುದಿಲ್ಲವಲ್ಲ ಎಂದು ಎದುರಿಗೇ ನಿಂತು ಅತ್ತೆ. ಅವಳು ತಡಕಾಡಿ ನನ್ನ ಕೆನ್ನೆ ಒರೆಸಿದಳು.

ಇದನ್ನೆಲ್ಲ ನಿಮ್ಮ ಗುಮಾಸ್ತರಿಗೆ ಹೇಳಿದೆ. ಪಾಪ, ಒಳ್ಳೆಯವರು, ಕೂರಲು ಕುರ್ಚಿ ಕೊಟ್ಟರು. ಆಮೇಲೆ ನಿಯಮ ನಿಯಮವೇ ಎಂದರು. ಮನೆಯಿಂದ ಮನೆಗೆ ಓಡಿಸಿಕೊಂಡವನಿಗೆ ಮನೆ ಬೇಡ, ನೆಲೆ ನಿಂತವನಿಗೇ ಕೊಡಿ ಎಂಬ ಈ ನಿಯಮ ಬರೆದ ಪುಣ್ಯಾತ್ಮರು ಎಂದಾದರೂ ಬಾಡಿಗೆಗೆ ಇದ್ದರೇ?

ನಾನು ಬಂಗಲೆ ಕೇಳುತ್ತಿಲ್ಲ. ಏಳೂ ಕರಾರು ಪತ್ರಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಅವನ್ನು ಒಟ್ಟಾಗಿ ಒಂದೇ ಊರಿನ ಆರು ವರ್ಷಕ್ಕೂ ಮಿಕ್ಕಿದ ವಾಸವೆಂದು ಪರಿಗಣಿಸಿ, ನೆಲಮಹಡಿಯಲ್ಲಿ ಎರಡು ಕೋಣೆ ಕೊಡಿ. ಈ ಮನೆಯ ಅವಧಿ ತಿಂಗಳ ಕೊನೆಗೆ ಮುಗಿಯುತ್ತದೆ. ಅಮ್ಮನನ್ನು ನಾಲ್ಕು ಜನ ಹೊತ್ತು ಇಳಿಸಬೇಕು. ಇಳಿಸಿ ಎಲ್ಲಿಗೆ ಕರೆದೊಯ್ಯಲಿ ಎಂಬುದನ್ನಾದರೂ ಅಷ್ಟರೊಳಗೆ ತಿಳಿಸಿ.

ಇಂತಿ,
ಸದ್ಯಕ್ಕೆ ವಿಳಾಸವಿರುವ
ಒಬ್ಬ ಬಾಡಿಗೆದಾರ